ಹೆತ್ತವರಿಗೆ ತಿಳಿಯದ ಹಲ್ಲು

ನಾವು ಬುದ್ಧಿ ಹಲ್ಲು ಎನ್ನುತ್ತೇವೆ. ಹಿಂದಿಯವರಿಗೂ ಅದು ಬುದ್ಧಿಯ ಹಲ್ಲೇ. ಕೊರಿಯಾದವರು ಮಾತ್ರ ಪ್ರೇಮದ ಹಲ್ಲು ಎಂದು ಕರೆಯುತ್ತಾರೆ. ಬರುವ ವಯಸ್ಸೂ ಅಂಥದೇ, ಕೊಡುವ ನೋವೂ ಅಂಥದೇ! ಜಪಾನೀಯರು ಇಟ್ಟ ಹೆಸರು 'ಓಯಾಶಿರಾಜು'. ಹೆತ್ತವರಿಗೆ ತಿಳಿಯದ್ದು ಎಂದು ಅದರ ಅರ್ಥ. ಹಾಲುಹಲ್ಲು ಮೂಡಿದ್ದು ತಾಯಿಗೆ ಗೊತ್ತಾಗುತ್ತದೆ. ಆದರೆ ಹದಿನೇಳರಿಂದ ಇಪ್ಪತ್ತೈದರೊಳಗೆ ದವಡೆಯ ಮೂಲೆಯಲ್ಲಿ ಹುಟ್ಟುವ ಈ ಹಲ್ಲಿನ ಸುದ್ದಿಯನ್ನು ಯಾವ ಮಕ್ಕಳು ತಾಯಿಗೆ ಹೇಳುತ್ತಾರೆ?

ನನ್ನ ಮಗಳೂ ಹೇಳಿರಲಿಲ್ಲ. 2019ರಲ್ಲಿ ನಾನು ಯೊಕೊಹಾಮಾಕ್ಕೆ ಅವಳ ಮನೆಗೆ ಹೋದಾಗ ಕೆನ್ನೆ ಊದಿಸಿಕೊಂಡು ಗಂಜಿ ಕುಡಿಯುತ್ತಿದ್ದಳು. ಹಿಂದಿನ ದಿನವಷ್ಟೇ ಹಲ್ಲು ಕೀಳಿಸಿಕೊಂಡಿದ್ದಳು. ಹಲ್ಲು ಅಡ್ಡಡ್ಡ ಮಲಗಿತ್ತಂತೆ. ಎಕ್ಸ್‌ರೇ ತೆಗೆದು, ಒಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆದಿದ್ದರು.

"ಎಷ್ಟಾಯಿತೇ? ಅಳಿಯಂದಿರನ್ನು ಕೇಳಿದ್ದೆಯಾ?" ಎಂದೆ.

"ಕೇಳೋದೇನಮ್ಮ? ಹಲ್ಲು ನನ್ನದು, ಕಾರ್ಡೂ ನನ್ನದು" ಎಂದಳು.

ಅವಳು ಕೊಟ್ಟದ್ದು ನಾಲ್ಕು ಸಾವಿರ ಚಿಲ್ಲರೆ ಯೆನ್, ಆಗಿನ ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಉಳಿದದ್ದು ವಿಮೆಯದು. ಜಪಾನಿನಲ್ಲಿ 1961ರಿಂದ ಎಲ್ಲರಿಗೂ ಆರೋಗ್ಯ ವಿಮೆ ಉಂಟು. ನೌಕರಿಯಲ್ಲಿರುವವರ ಕಂತನ್ನು ಮಾಲೀಕರೂ ನೌಕರರೂ ಹಂಚಿಕೊಂಡು ಕಟ್ಟುತ್ತಾರೆ. ಉಳಿದವರು ಊರಿನ ಪುರಸಭೆಯ ಮೂಲಕ ರಾಷ್ಟ್ರೀಯ ವಿಮೆಗೆ ಸೇರುತ್ತಾರೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸುವ ಪರದೇಶಿಗಳೂ ಸೇರಲೇಬೇಕು. ನನ್ನಂತೆ ನಾಲ್ಕು ದಿನ ಬಂದುಹೋಗುವವರಿಗೆ ಅದು ಇಲ್ಲ. ಸಾಮಾನ್ಯವಾಗಿ ಖರ್ಚಿನ ನೂರಕ್ಕೆ ಮೂವತ್ತು ರೋಗಿಯದು, ಎಪ್ಪತ್ತು ವಿಮೆಯದು. ಯಾವ ಚಿಕಿತ್ಸೆಗೆ ಎಷ್ಟು ಎಂಬುದನ್ನು ಸರಕಾರವೇ ಗೊತ್ತುಮಾಡುತ್ತದೆ. ಹಾಗೆಂದು ಬಾಯಿಯೊಳಗಿನದೆಲ್ಲ ವಿಮೆಯಲ್ಲಿಲ್ಲ. ಅಂದಕ್ಕಾಗಿ ಹಲ್ಲು ಸಾಲು ಮಾಡಿಸಿಕೊಳ್ಳಲು ಕೈಯಿಂದಲೇ ಕೊಡಬೇಕು. ನೋವು ಕೊಡುವ ಬುದ್ಧಿ ಹಲ್ಲನ್ನು ಕೀಳುವುದು ಮಾತ್ರ ವಿಮೆಯೊಳಗೇ ಬರುತ್ತದೆ.

ನನ್ನ ಮನಸ್ಸಿಗೆ ನಾಟಿದ್ದು ಆ ಕಾರ್ಡು. ಮನೆಯಲ್ಲೇ ಇರುವ ಗೃಹಿಣಿಗೂ ಅವಳ ಹೆಸರಿನದೇ ಒಂದು ಕಾರ್ಡು ಆಗ ಇತ್ತು. 2024ರ ಡಿಸೆಂಬರ್ 2ರಿಂದ ಹೊಸದಾಗಿ ಅಂಥ ಕಾರ್ಡು ಕೊಡುವುದನ್ನು ನಿಲ್ಲಿಸಿ, ಗುರುತಿನ ಚೀಟಿಗೇ ವಿಮೆಯನ್ನು ಜೋಡಿಸುತ್ತಿದ್ದಾರೆ. ಆ ಚೀಟಿಯೂ ಅವಳ ಹೆಸರಿನದೇ.

ಅದನ್ನು ನೋಡಿದಾಗ ನಮ್ಮ ಅತ್ತಿಗೆಯ ನೆನಪಾಯಿತು. ಅವರ ಕೆಳದವಡೆಯ ಹಲ್ಲು ಅರ್ಧ ಹೊರಬಂದು ನಿಂತಿತ್ತು. ಮೇಲಿನ ಒಸಡಿನ ಸಂದಿಯಲ್ಲಿ ಅನ್ನದ ಅಗುಳು ಸೇರಿ ಆಗಾಗ ಬಾವು ಬರುತ್ತಿತ್ತು. ಲವಂಗ ಕಚ್ಚಿಕೊಳ್ಳುವರು, ಉಪ್ಪುನೀರು ಮುಕ್ಕಳಿಸುವರು, ನೋವಿನ ಮಾತ್ರೆ ನುಂಗುವರು. "ಈ ತಿಂಗಳು ಮಗನ ಫೀಸು ಕಟ್ಟಿಬಿಡೋಣ", "ಹಬ್ಬ ಮುಗೀಲಿ" ಎಂದು ಮೂರು ವರ್ಷ ತಳ್ಳಿದರು. ಕೊನೆಗೊಮ್ಮೆ ಬಾಯಿ ತೆರೆಯಲಾಗದೆ, ಬಾವು ಕುತ್ತಿಗೆಗಿಳಿದು, ಜ್ವರದಲ್ಲಿ ಆಸ್ಪತ್ರೆ ಸೇರಬೇಕಾಯಿತು. ಅಣ್ಣನ ವಿಮೆಯಿತ್ತು. ಆದರೆ ವಿಮೆಯವರು 'ಹಲ್ಲಿನ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ' ಎಂದು ಕಾಗದ ಕಳಿಸಿದರು. ಮೊದಲೇ ಕೀಳಿಸಿದ್ದರೆ ಆಗುತ್ತಿದ್ದುದಕ್ಕಿಂತ ಹತ್ತರಷ್ಟು ಖರ್ಚಾಯಿತು. ಅತ್ತಿಗೆಗೆ ನೋವಿಗಿಂತ ಆ ಖರ್ಚಿನ ಸಂಕೋಚವೇ ಹೆಚ್ಚಾಗಿತ್ತು.

ನಮ್ಮಲ್ಲಿ ಸಾಮಾನ್ಯವಾದ ಆರೋಗ್ಯ ವಿಮೆಗಳು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಅಪಘಾತವಾಗಿ ಆಸ್ಪತ್ರೆ ಸೇರಿದರೆ ಮಾತು ಬೇರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯೂ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಕೊಡುವುದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಹಲ್ಲು ಕೀಳಿಸಿಕೊಂಡು ಹತ್ತಿಯುಂಡೆ ಕಚ್ಚಿಕೊಂಡು ಮನೆಗೆ ನಡೆದುಬರುವವಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ, ಬೆಂಗಳೂರಿನ ಸರಕಾರಿ ದಂತ ಕಾಲೇಜಿನಲ್ಲಿ ಕಡಿಮೆ ದುಡ್ಡಿಗೆ ಹಲ್ಲು ಕೀಳುತ್ತಾರೆ, ನಿಜ. ಆದರೆ ಅಲ್ಲಿ ಸರದಿಯಲ್ಲಿ ಅರ್ಧ ದಿನ ನಿಲ್ಲಲು ಮನೆಯವಳಿಗೆ ಬಿಡುವು ಯಾರು ಕೊಡುತ್ತಾರೆ?

ಬುದ್ಧಿ ಹಲ್ಲು ಬಂದವರೆಲ್ಲ ಕೀಳಿಸಲೇಬೇಕೆಂದಿಲ್ಲ. ನೆಟ್ಟಗೆ ಬಂದು ಸುಮ್ಮನಿದ್ದರೆ ಇರಲಿ ಬಿಡಿ. ಆದರೆ ಪದೇ ಪದೇ ಬಾವು ಬಂದರೆ, ಬಾಯಿ ತೆರೆಯುವುದು ಕಷ್ಟವಾದರೆ ಲವಂಗವನ್ನು ನಂಬಿ ಕೂರಬಾರದು.

ವಿಮೆ ಎಂದರೆ ಬರೀ ದುಡ್ಡಿನ ವಿಷಯ ಎಂದುಕೊಂಡಿದ್ದೆವು. ಮನೆಯ ದುಡ್ಡಿನಲ್ಲಿ ಹೆಂಗಸಿನ ನೋವು ಯಾವಾಗಲೂ ಕೊನೆಯ ಬಾಬ್ತು. ಫೀಸು, ಬಾಡಿಗೆ, ಹಬ್ಬ ಎಲ್ಲ ಮುಗಿದ ಮೇಲೆ ಉಳಿದರೆ ಉಂಟು. ತನ್ನ ಹೆಸರಿನ ಚೀಟಿಯೊಂದು ಕೈಯಲ್ಲಿದ್ದರೆ ಅವಳು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಬಳಿಗೆ ಹೋಗಬಲ್ಲಳು. ಅಂಥ ಚೀಟಿ ನಮ್ಮ ಅತ್ತಿಗೆಯಂಥವರ ಕೈಗೂ ಬರಬೇಕು. ಅದು ಬರುವ ತನಕ, ತಿಂಗಳ ಖರ್ಚಿನ ಪಟ್ಟಿ ಬರೆಯುವಾಗ ನಿಮ್ಮ ಹಲ್ಲನ್ನೂ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.