ಕಡೂರಿನಿಂದ ಶರಾವತಿಯ ಸೇತುವೆಗೆ

ಕಡೂರಿನಿಂದ ರೈಲಿನಲ್ಲಿ ಹೊರಟವರಿಗೆ ಬೀರೂರಿನಲ್ಲಿ ದಾರಿಯು ಕವಲೊಡೆಯುವುದು. ಒಂದು ಕವಲು ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರಕ್ಕೆ, ಇನ್ನೊಂದು ತರೀಕೆರೆಯನ್ನು ದಾಟಿ ಮಲೆನಾಡಿಗೆ. ಇಲ್ಲಿಯ ಹಳ್ಳಗಳ ಮೇಲಿನ ಗಿಡ್ಡ ಸೇತುವೆಗಳು ನಿಶ್ಚಿಂತೆಯಿಂದ ಕುಳಿತಿರುವುವು. ನೆಲವೂ ಶಾಂತವಾದುದೇ; 2002ರ ಭೂಕಂಪ ನಕ್ಷೆಯು ಈ ಸೀಮೆಯನ್ನು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿರಿಸಿತ್ತು.

ತರೀಕೆರೆಯ ಕವಲಿನಲ್ಲಿಯೇ ಮುಂದುವರಿದು, ಸಾಗರದಲ್ಲಿಳಿದು ಅಂಬಾರಗೋಡ್ಲಿಗೆ ಹೋದರೆ, ಶರಾವತಿಯ ಹಿನ್ನೀರಿನ ಮೇಲೆ 2025ರ ಜುಲೈ 14ರಂದು ತೆರೆದ ಸುಮಾರು 2.44 ಕಿಲೋಮೀಟರು ಉದ್ದದ ಸೇತುವೆಯನ್ನು ಕಾಣಬಹುದು. ನಡುಭಾಗವನ್ನು ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿರುವುವು. ಮೊದಲು ಲಾಂಚಿಗಾಗಿ ಕಾಯುತ್ತಿದ್ದ ಆಚೆಯ ದಡದವರಿಗೆ ಈಗ ಇದೇ ಆಸ್ಪತ್ರೆಯ ದಾರಿ, ಸಂತೆಯ ದಾರಿ. ಇಂತಹ ಉದ್ದದ ಸೇತುವೆಯ ಕೆಳಗೆ ನೆಲ ನಡುಗಿದರೆ ಏನಾದೀತು?

1989ರ ಅಕ್ಟೋಬರಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೇತುವೆಯ ಕಂಬಗಳು ಉರುಳಲಿಲ್ಲ. ಹಾಸಿನ ತುದಿಯು ಆಸರೆಯಿಂದ ಜಾರಿ ಸುಮಾರು 50 ಅಡಿಯ ತುಂಡು ಕುಸಿಯಿತು. ಅಂದಿನಿಂದ ಎಂಜಿನಿಯರರು ಹಳೆಯ ಸೇತುವೆಗಳಲ್ಲಿ ತೊಲೆ ಕೂರುವ ಪೀಠವನ್ನು ಅಗಲಿಸಿ, ತೊಲೆಗಳನ್ನು ಉಕ್ಕಿನ ಹಗ್ಗದಿಂದ ಪರಸ್ಪರ ಬಂಧಿಸಿ, ಅಡಿಯಲ್ಲಿ ರಬ್ಬರಿನ ಮೆತ್ತೆಗಳನ್ನಿಟ್ಟು ಅಲುಗಲು ಎಡೆಗೊಡುವುದನ್ನು ಹೆಚ್ಚಾಗಿ ಕೈಕೊಂಡರು. ನೊಗವನ್ನು ಮೂಕಿಗೆ ಮೊಳೆ ಹೊಡೆಯದೆ ಹಗ್ಗದಿಂದ ಬಿಗಿಯುವ ಅಜ್ಜಂಪುರದ ರೈತನಿಗೆ ಈ ಮರ್ಮವನ್ನು ವಿವರಿಸಬೇಕಾಗಿಲ್ಲ. ಶರಾವತಿಯ ಮೇಲೆ ನಿಂತು ನೀರನ್ನು ನೋಡುವವರು ಕಾಲ ಕೆಳಗಿನ ಹಾಸಿನ ಸಂದುಗಳನ್ನೂ ಒಮ್ಮೆ ನೋಡಲಿ.