ಜಾವಾ ಹೋದ ಮೇಲಿನ ಮೈಸೂರು

ಮೈಸೂರು ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಬಡಾವಣೆ ಯಾದವಗಿರಿ. ಆಕಾಶವಾಣಿ ಇರುವುದು ಇಲ್ಲೇ, ಆರ್.ಕೆ. ನಾರಾಯಣ್ ಅವರ ಮನೆಯೂ ಇಲ್ಲೇ. ಆದರೆ ಹಳೆಯ ಮೈಸೂರಿಗರನ್ನು ಕೇಳಿದರೆ ಮೊದಲು ನೆನೆಯುವುದು ಜಾವಾ ಫ್ಯಾಕ್ಟರಿಯನ್ನು.

ರುಸ್ತುಂ ಮತ್ತು ಫರೋಖ್ ಇರಾನಿ ಅವರು ಝೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಗಿ ಪಡೆದು ಸ್ಥಾಪಿಸಿದ ಈ ಕಾರ್ಖಾನೆಯನ್ನು 1961ರಲ್ಲಿ ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಮುಂದೆ ಜಾವಾ ಹೋಗಿ 'ಯೆಜ್ಡಿ' ಬಂತು. ಗೇರ್ ಬದಲಿಸುವ ಲಿವರನ್ನೇ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಆ ಚಮತ್ಕಾರ ತಿಳಿಯದೆ ಬೆವರಿದವರು ಕಡಿಮೆಯೇನಲ್ಲ.

ಅದರದ್ದು ಟೂ-ಸ್ಟ್ರೋಕ್ ಎಂಜಿನ್. ರಚನೆ ಸರಳ, ರಿಪೇರಿ ಸುಲಭ. ಆದರೆ ಸುಟ್ಟ ಅನಿಲದ ಜೊತೆ ಒಂದಿಷ್ಟು ಹೊಸ ಪೆಟ್ರೋಲೂ ಉರಿಯದೆ ಹೊರಟುಹೋಗುತ್ತದೆ. ಬೆರೆಸಿದ ಆಯಿಲ್ ಹೊಗೆಯಾಗುತ್ತದೆ. 1985ರಲ್ಲಿ ಹೀರೋ ಹೋಂಡಾದ ಫೋರ್-ಸ್ಟ್ರೋಕ್ ಬೈಕು ಬಂದು, ಲೀಟರಿಗೆ ಎಷ್ಟು ಮೈಲೇಜ್ ಎಂದು ಜನ ಲೆಕ್ಕ ಹಾಕತೊಡಗಿದರು. ಮಾಲಿನ್ಯದ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಊರು ಮಾತ್ರ ಸೊರಗಲಿಲ್ಲ. ಹೆಬ್ಬಾಳ, ಹೂಟಗಳ್ಳಿಗಳ ಕಡೆ ಹೊಸ ಉದ್ಯಮಗಳು ಬಂದವು. ಇನ್ಫೋಸಿಸ್ ಮುನ್ನೂರು ಎಕರೆಗೂ ಮಿಗಿಲಾದ ತರಬೇತಿ ಕೇಂದ್ರವನ್ನೇ ಕಟ್ಟಿತು. ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ಬಂದು, ಮೈಸೂರಿನ ಆಸುಪಾಸಿನಲ್ಲಿ ಮತ್ತೆ ದ್ವಿಚಕ್ರ ವಾಹನಗಳು ತಯಾರಾದವು. ಇವರನ್ನೆಲ್ಲ ಕರೆತಂದದ್ದು ಅಗ್ಗದ ಜಮೀನೊಂದೇ ಅಲ್ಲ. 1946ರ ಎನ್‌ಐಇ, 1963ರ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ಕಾವೇರಿಯ ನೀರು, ಹತ್ತಿರದ ಬೆಂಗಳೂರು ಎಲ್ಲವೂ ಮೊದಲೇ ಇದ್ದವು. ಕೋಲಾರದ ಚಿನ್ನದ ಗಣಿಯ ಊರಿಗೆ ಈ ಭಾಗ್ಯವಿರಲಿಲ್ಲ. ಅಲ್ಲಿ ಬೆಮೆಲ್ ಕಾರ್ಖಾನೆ ಮೊದಲೇ ಇದ್ದರೂ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವ ಬೆಂಗಳೂರಿನ ರೈಲು ಹತ್ತಬೇಕಾಯಿತು.

ಆದರೂ ಮೈಸೂರಿನ ಲೆಕ್ಕದಲ್ಲಿ ಒಂದು ಬಾಕಿ ಉಳಿದಿದೆ. ಲೇತ್ ಮೇಲೆ ಕೈಪಳಗಿದ ನಲವತ್ತೈದರ ಫಿಟ್ಟರನಿಗೆ ಕಂಪ್ಯೂಟರ್ ಮುಂದೆ ಜಾಗವಿರಲಿಲ್ಲ. ಊರಿಗೆ ಕೆಲಸ ಬಂತು, ಅವನಿಗೆ ಬರಲಿಲ್ಲ. ಬಂದರೆ ಅವನ ಮಗಳಿಗೆ ಬರಬೇಕು, ಅದೂ ಅಪ್ಪನ ಸಂಬಳ ನಿಂತ ವರ್ಷಗಳಲ್ಲಿ ಅವಳ ಓದು ನಿಲ್ಲದಿದ್ದರೆ. ಹೊಸ ಕಾರ್ಖಾನೆಗೆ ರಿಯಾಯಿತಿ ಕೊಡುವ ಸರ್ಕಾರಗಳು ಈ ನಡುವಿನ ವರ್ಷಗಳ ಬಗ್ಗೆ ಯೋಚಿಸುವುದು ಕಡಿಮೆ.

2018ರಲ್ಲಿ ಜಾವಾ ಹೆಸರು ಭಾರತಕ್ಕೆ ಮರಳಿತು. ಫೋರ್-ಸ್ಟ್ರೋಕ್, ದ್ರವದಿಂದ ತಣಿಯುವ ಎಂಜಿನ್. ಆದರೆ ಅದು ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೆಯ ಯೆಜ್ಡಿ ಇಟ್ಟುಕೊಂಡವರು ಮಾತ್ರ ಇಂದಿಗೂ ಹುಡುಕುವುದು, ಸದ್ದು ಕೇಳಿಯೇ ರೋಗ ಹೇಳುವ ಮೈಸೂರಿನ ಮೆಕ್ಯಾನಿಕ್‌ನನ್ನು.