ಕಿರುಬೆರಳಿನ ಕೀಲಿ

ಶಿಫ್ಟ್ ಎಂಬ ಆಂಗ್ಲ ಪದಕ್ಕೆ ಸರಿಸು ಎಂಬುದು ಅರ್ಥ. ಗಣಕಯಂತ್ರದಲ್ಲಿ ಆ ಹೆಸರಿನ ಕೀಲಿಯನ್ನು ಒತ್ತಿದಾಗ ಏನೂ ಸರಿಯುವುದಿಲ್ಲ. ಹಿಂದೆ ಸರಿಯುತ್ತಿದ್ದುದು ಏನೆಂಬುದು ಬೆರಳಚ್ಚು ಕಲಿತ ನಮ್ಮಂಥವರ ಕಿರುಬೆರಳಿಗೆ ಚೆನ್ನಾಗಿ ಗೊತ್ತು.

1874ರಲ್ಲಿ ಅಮೆರಿಕೆಯ ಮಾರುಕಟ್ಟೆಗೆ ಬಂದ ಶೋಲ್ಸ್ ಮತ್ತು ಗ್ಲಿಡನ್ ಯಂತ್ರವು ಆಂಗ್ಲದ ದೊಡ್ಡಕ್ಷರಗಳನ್ನಷ್ಟೇ ಮುದ್ರಿಸುತ್ತಿತ್ತು. ಆ ಕೊರತೆಯನ್ನು ನೀಗಿದ್ದು 1878ರ ರೆಮಿಂಗ್ಟನ್ 2. ಅದರ ಅಚ್ಚುಕಡ್ಡಿಯ ತುದಿಯಲ್ಲಿ ಸಣ್ಣದೂ ದೊಡ್ಡದೂ ಆದ ಎರಡು ಅಕ್ಷರಗಳಿದ್ದವು. ಶಿಫ್ಟ್ ಒತ್ತಿದರೆ ಕಾಗದ ಹಿಡಿದ ಕ್ಯಾರೇಜು ತುಸು ಸರಿದು, ಎರಡನೆಯ ಅಕ್ಷರದ ಪೆಟ್ಟು ಕಾಗದಕ್ಕೆ ಬೀಳುತ್ತಿತ್ತು. ಒಂದೇ ಕೀಲಿಯಿಂದ ಎರಡು ಅಚ್ಚುಗಳು! ಕ್ಯಾಲಿಗ್ರಾಫ್ ಎಂಬ ಪ್ರತಿಸ್ಪರ್ಧಿ ಯಂತ್ರದಲ್ಲಿ ಎರಡಕ್ಕೂ ಬೇರೆ ಬೇರೆ ಕೀಲಿಗಳಿದ್ದವು, ಅದು ಉಳಿಯಲಿಲ್ಲ. ಅಕ್ಷರ ಕಣ್ಣೆದುರು ಮೂಡುವ ಯಂತ್ರಗಳು ಬಂದ ಮೇಲೆ ಇಡೀ ಕ್ಯಾರೇಜನ್ನು ಕಿರುಬೆರಳೇ ಎತ್ತಬೇಕಾಗುತ್ತಿತ್ತು. ಕ್ಯಾರೇಜಿನ ಬದಲು ಅಚ್ಚುಕಡ್ಡಿಗಳ ಬುಟ್ಟಿಯೇ ಕೆಳಗಿಳಿಯುವ ಯಂತ್ರಗಳು ದೊರೆತಾಗ ಆ ಬೆರಳಿಗೆ ಬಿಡುವು ಸಿಕ್ಕಿತೆನ್ನಬೇಕು.

ಗಣಕಯಂತ್ರದ ಕೀಲಿಮಣೆಯು ಕೀಲಿ ಒತ್ತಿದಾಗ ಒಂದು ಸಂಕೇತವನ್ನೂ ಬಿಟ್ಟಾಗ ಇನ್ನೊಂದನ್ನೂ ಕಳುಹಿಸುತ್ತದೆ. ಈ ಎರಡರ ನಡುವೆ ಬಂದ ಅಕ್ಷರವೇ ಬದಲಾಗುವುದು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೇ ಇಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿಯೂ ಬಳಕೆಯಾಗುವ ವಿನ್ಯಾಸದಲ್ಲಿ ಈ ಕೀಲಿಗೆ ಹೊಸ ಕೆಲಸ ದೊರೆಯಿತು. ಕ ಇರುವಲ್ಲಿಯೇ ಶಿಫ್ಟ್‌ನೊಡನೆ ಖ, ದ ಇರುವಲ್ಲಿ ಧ, ಲ ಇರುವಲ್ಲಿ ಳ. ಕಾಗುಣಿತ ಬಲ್ಲವನಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ. ಇದಕ್ಕಿಂತ ಸಹಜವಾದ ಏರ್ಪಾಡನ್ನು ನಾವು ಕಂಡಿಲ್ಲ.

ಆದರೆ ನಮ್ಮ ಮಹಾಪ್ರಾಣಗಳೆಲ್ಲ ಈಗ ಒಂದು ಕಿರುಬೆರಳನ್ನು ನೆಚ್ಚಿಕೊಂಡಿವೆ. ನಮ್ಮೂರಿನ ಜಾತ್ರೆಯ ಕರಪತ್ರವೊಂದರಲ್ಲಿ 'ಧನಸಹಾಯ' ನೀಡಿದ ಮಹನೀಯರೆಲ್ಲರೂ 'ದನಸಹಾಯ' ನೀಡಿದವರಾದರು. ಹಿರಿಯರು ನಕ್ಕರು, ಚಿಕ್ಕವರಿಗೆ ನಗುವುದೇಕೆಂದು ತಿಳಿಯಲಿಲ್ಲ. ನಮಗೆ ಚಿಂತೆಯಾದದ್ದು ಅದಕ್ಕೆ. ಬೆಳೆ ಬೆಲೆಯಾದರೂ, ಕೊಳೆ ಕೊಲೆಯಾದರೂ ಗಣಕಯಂತ್ರವು ತಾನಾಗಿ ಆಕ್ಷೇಪಿಸುವುದಿಲ್ಲ, ಎರಡೂ ಶುದ್ಧ ಪದಗಳೇ.

ಮನೆಯ ಮಕ್ಕಳು ಬರೆಯುವುದನ್ನು ತಾಯಂದಿರು ಒಮ್ಮೆ ಗಮನಿಸಬೇಕು. ಧ ಅಕ್ಷರದ ಕೀಲಿ ಎಡಗೈಯ ಪಾಲಿನದು. ಮಕ್ಕಳು ಶಿಫ್ಟನ್ನೂ ಎಡಗೈಯಿಂದಲೇ ಒತ್ತುತ್ತಾರೆ; ಅವಸರದಲ್ಲಿ ಅದು ಮೊದಲೇ ಸಡಿಲಿ ದ ಮೂಡುತ್ತದೆ. ಬೆರಳಚ್ಚು ಶಾಲೆಗಳ ಹಳೆಯ ಕ್ರಮ ಬೇರೆ: ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯದು. ಕೀಲಿಮಣೆಯ ಎರಡೂ ಬದಿಗೆ ಆ ಕೀಲಿಯನ್ನು ಇಟ್ಟಿರುವುದು ಅದಕ್ಕಾಗಿಯೇ.